ಬಂದೇಬಿಟ್ಟೆ ಭಾವ

ನನ್ನ ಅಪ್ಪ ಸಾಯುವ ದಿನ ನನಗೆಂದು ಹೇಳಿದ ಮಾತೊಂದು ನನ್ನ ಭಾವನ ಹೊಟ್ಟೆಯಲ್ಲಿದೆ. ಇಷ್ಟು ವರ್ಷವಾದರೂ ಅವನು ಅದನ್ನು ಕಕ್ಕಿಲ್ಲ. ಅದು ಬೈಗುಳವೋ ಒಳ್ಳೆಯ ಮಾತೋ ನನಗೆ ಗೊತ್ತಿಲ್ಲ. ಬೈಗುಳವೇ ಆಗಲಿ, ಅದು ನನಗೆ ಸೇರಿದ್ದು. ನಿಮ್ಮ ಹೆಸರಿಗೆ ಬಂದ ಸಾಮಾನನ್ನು ಪಕ್ಕದ ಮನೆಯವನು ಇಸಿದುಕೊಂಡು ತನ್ನ ಕಪಾಟಿನಲ್ಲಿಟ್ಟು ಬೀಗ ಜಡಿದರೆ ನೀವು ಸುಮ್ಮನಿರುತ್ತೀರಾ? ನಾನು ಇರುವವನಲ್ಲ. ಅದಕ್ಕೇ ಈ ಮನುಷ್ಯನ ಬದುಕನ್ನು ಬರೆದುಬಿಡೋಣ ಅಂತ ಕೂತಿದ್ದೇನೆ. ಓದು ನನಗೆ ಹತ್ತಲಿಲ್ಲ, ಬೇಗ ಶಾಲೆ ಬಿಟ್ಟವನು. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ಆದರೆ ವಿಷಯ ತಪ್ಪಿಲ್ಲ. ಅವನು ನನ್ನ ಅಕ್ಕನ ಗಂಡ. ಎದುರಿಗೆ ಸಿಕ್ಕಾಗ 'ನೀವು' ಅಂತಲೇ ಮಾತಾಡಿಸಿದ್ದೇನೆ. ಕಾಗದದ ಮೇಲೂ ಆ ಮರ್ಯಾದೆ ಕೊಡು ಅಂದರೆ ನನ್ನ ಕೈ ಬಗ್ಗುವುದಿಲ್ಲ.

ಅವನು ನಮ್ಮಲ್ಲಿಗೆ ಮೊದಲು ಬಂದದ್ದು ಅಳಿಯನಾಗಿ ಅಲ್ಲ. ಅಪ್ಪನದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಫ್ಯಾನು, ಗಿರಣಿಯ ಮೋಟಾರು ಏನೇ ತರಲಿ, ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಇವನು ಆಗ ಒಂದು ಐಸ್ ಫ್ಯಾಕ್ಟರಿಯಲ್ಲಿ ಹೆಲ್ಪರ್. ಅಲ್ಲಿನ ಮೋಟಾರೊಂದನ್ನು ರಿಪೇರಿಗೆ ತಂದವನು, ನಮ್ಮ ಅಂಗಡಿಯ ಮೂಲೆಯಲ್ಲಿ ಯಾರೋ ಬಿಟ್ಟುಹೋಗಿದ್ದ ಹಳೆಯ ಫ್ರಿಜ್ಜನ್ನು ಕಂಡ. ಅದನ್ನು ಚಾಲೂ ಮಾಡಿ, ಸ್ಕ್ರೂಡ್ರೈವರಿನ ತುದಿಯನ್ನು ಕಂಪ್ರೆಸರಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಹಾಡು ಕೇಳುವವನ ಹಾಗೆ ಕಣ್ಣು ಮುಚ್ಚಿದ. ಆಮೇಲೆ ಒಳಗಿನ ಸ್ಪ್ರಿಂಗು ಕಳಚಿಕೊಂಡಿದೆ ಅಂದ. ಅಪ್ಪ ಹಟಕ್ಕೆ ಬಿದ್ದು ಅದನ್ನು ಕೊಯ್ದೇ ನೋಡಿದರು. ಕಳಚಿಕೊಂಡಿತ್ತು. ಅಪ್ಪನಿಗೆ ಅವತ್ತೇ ಅವನ ಹುಚ್ಚು ಹಿಡಿಯಿತು. ಮೊದಲು ಕೆಲಸ ಕೊಟ್ಟರು, ಆಮೇಲೆ ಮಗಳನ್ನು ಕೊಟ್ಟರು.

ಕೈ ಒಳ್ಳೆಯದು, ಸುಳ್ಳು ಹೇಳುವುದಿಲ್ಲ. ಅವನು ಮುಟ್ಟಿದ ಫ್ರಿಜ್ಜು ಮತ್ತೆ ಕೆಟ್ಟದ್ದನ್ನು ನಾನು ಕಾಣೆ. ಆದರೆ ಅವನ ಬಾಯಿಗೆ 'ಆಗಲ್ಲ' ಅನ್ನುವ ಒಂದು ಮಾತು ಬರುತ್ತಿರಲಿಲ್ಲ. ಯಾರು ಕರೆದರೂ ಹೂಂ. ಒಂದು ಬೆಳಿಗ್ಗೆಗೆ ಊರಿನ ನಾಲ್ಕು ಮೂಲೆಗೆ ಹೂಂ ಅಂದು, ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವ ಆಸಾಮಿ. ಫೋನ್ ಹೊಡೆದುಕೊಂಡರೆ, "ಇಗೋ, ಬಂದೇಬಿಟ್ಟೆ" ಅನ್ನುತ್ತಿದ್ದ. ಅನ್ನುವಾಗ ಇನ್ನೂ ಚಪ್ಪಲಿಯನ್ನೂ ಹಾಕಿರುತ್ತಿರಲಿಲ್ಲ. ಹೀಗೆ ಅವನಿಗೆ 'ಬಂದೇಬಿಟ್ಟೆ' ಅನ್ನುವುದೇ ಹೆಸರಾಯಿತು. ನನಗೂ ಒಂದು ಹೆಸರಿತ್ತು, 'ಶಾರ್ಟು' ಅಂತ. ಎರಡು ತಂತಿ ತಾಗಿದರೆ ಕಿಡಿ ಹಾರುವ ಹಾಗೆ, ಎರಡು ಮಾತು ತಾಗಿದರೆ ನಾನು ಹಾರುತ್ತೇನೆ ಅಂತ. ಬರದ ಬಂದೇಬಿಟ್ಟೆಗೆ ಕಾದು ಕಾದು ಜನ ಅಂಗಡಿಗೆ ಬಂದು ಬೈಯುತ್ತಿದ್ದದ್ದು ನನ್ನನ್ನು. ನಾನು ತಿರುಗಿ ಬೈಯುತ್ತಿದ್ದೆ. ಸಂಜೆಗೆ ಅವನು ಹಲ್ಲು ಕಿರಿಯುತ್ತ ಬಂದರೆ ಅದೇ ಜನ ಅವನಿಗೆ ಕುರ್ಚಿ ಎಳೆದು ಹಾಕುತ್ತಿದ್ದರು.

ಹೀಗಿರುವಾಗ ಫೋನ್ ಅಂಗಡಿ ಇಟ್ಟಿದ್ದ ಒಬ್ಬ ಗಿರಾಕಿ ಅವನ ಕೈಗೆ ಒಂದು ವಿದ್ಯೆ ಕೊಟ್ಟ. ಮೆಸೇಜು ಈಗ ಬರೆದಿಟ್ಟು ಆಮೇಲೆ ಹೋಗುವಂತೆ ಮಾಡುವುದು. ಅವನು ಅದನ್ನು ನನಗೂ ಹೇಳಿಕೊಟ್ಟ, ಮಗುವಿಗೆ ಬಳಪ ಹಿಡಿಸುವ ಹಾಗೆ ನನ್ನ ಬೆರಳು ಹಿಡಿದು. ಬರೆದ ಮೇಲೆ ಕಳಿಸುವ ಬಾಣವನ್ನು ಸುಮ್ಮನೆ ಮುಟ್ಟಿದರೆ ಹೋಗಿಬಿಡುತ್ತದೆ. ಬಿಡದೆ ಒತ್ತಿ ಹಿಡಿದರೆ ಯಾವಾಗ ಕಳಿಸಲಿ ಅಂತ ಕೇಳುತ್ತದೆ. ದಿನ, ಗಂಟೆ ಕೊಟ್ಟರೆ ಮುಗಿಯಿತು, ನೀನು ಮಲಗಿದ್ದರೂ ಅದು ತನ್ನ ಪಾಡಿಗೆ ಹೋಗುತ್ತದೆ. ಅವತ್ತಿನಿಂದ ಇವನ ಬೆಳಗಿನ ಮೊದಲ ಕೆಲಸ ಅದೇ. ಬೇರೆಯವರು ಹತಾರ ಜೋಡಿಸಿಕೊಂಡರೆ ಇವನು ಮೆಸೇಜು ಜೋಡಿಸುವುದು. ಒಬ್ಬೊಬ್ಬ ಗಿರಾಕಿಗೂ ಮೊದಲು 'ಹೊರಟೆ', ಆಮೇಲೆ 'ದಾರಿಯಲ್ಲಿದ್ದೀನಿ', ಕೊನೆಗೆ 'ಬಂದೇಬಿಟ್ಟೆ'. ಎಲ್ಲ ಸಾಲಾಗಿಟ್ಟು, ಫೋನನ್ನು ಜೇಬಿಗೆ ಹಾಕಿ, ಒಂದು ಫ್ರಿಜ್ಜಿನ ಹಿಂದೆ ಕೂತುಬಿಟ್ಟರೆ ಅವನಿಗೆ ಲೋಕದ ಚಿಂತೆ ಇಲ್ಲ.

ಒಂದು ಸಲ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕಾದು ಸಾಕಾಗಿ ಅಂಗಡಿಗೇ ಬಂದಳು. ಅವನ ಮುಂದೆ ನಿಂತು ಬಾಯಿ ತೆರೆಯುವಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಟಿಂಗ್ ಅಂತು. ನೋಡಿದರೆ, 'ನಿಮ್ಮ ಬಾಗಿಲಲ್ಲೇ ಇದ್ದೀನಿ, ಬಂದೇಬಿಟ್ಟೆ.' ಅವಳು ಫೋನು ನೋಡಿದಳು, ಇವನನ್ನು ನೋಡಿದಳು. ಇವನು ಚಹಾ ಲೋಟ ಕೆಳಗಿಟ್ಟು, ಒಂಚೂರೂ ಬೆವರದೆ, "ನೋಡಿ ಅಮ್ಮಾ, ನನಗಿಂತ ಮೊದಲು ಅದು ನಿಮ್ಮನೆಗೆ ಹೋಗಿಬಿಡ್ತು" ಅಂದ. ಅವಳು ನಕ್ಕುಬಿಟ್ಟಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ಇದೇನು ನಗುವ ವಿಷಯವಾ, ಇರದ ಕಡೆ ಇದ್ದೀನಿ ಅನ್ನುವುದು? ಅವತ್ತು ಅಪ್ಪ ಆ ಫೋನನ್ನು ಕಿತ್ತು ಎಸೆದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಅಪ್ಪನಿಗೂ ನನಗೂ ಮಾತು ಬಿಟ್ಟದ್ದು ಹೇಗೆ ಅಂತಲೂ ಹೇಳಬೇಕು. ಅಂಗಡಿಗೆ ಇದ್ದದ್ದು ಒಂದೇ ಶಟರು. ಒಂದು ದಿನ ನಾನು ಬಂದು ನೋಡಿದರೆ ಒಳಗೆ ನಡುವೆ ಹಲಗೆ ನಿಲ್ಲಿಸಿ ಎರಡು ಭಾಗ ಮಾಡಿದ್ದಾರೆ. ಬೆಳಕು ಬರುವ ಬೀದಿಯ ಕಡೆಯ ಭಾಗ ಅಳಿಯನ ಫ್ರಿಜ್ಜಿಗೆ, ಹಿಂದಿನ ಕತ್ತಲೆ ಭಾಗ ನನ್ನ ಮೋಟಾರಿಗೆ. ನನಗೆ ಒಂದು ಮಾತು ಕೇಳಿಲ್ಲ. ಗಿರಾಕಿಗಳ ಎದುರಿಗೇ ನಾನು, "ಹಾಗಾದ್ರೆ ಇನ್ಮೇಲೆ ಅಪ್ಪ ಅಂತ ಕರೆಯೋದಕ್ಕೂ ಅವರನ್ನೇ ಇಟ್ಕೊಳ್ಳಿ" ಅಂದೆ. ಇವತ್ತಿಗೂ ನಾನಂದದ್ದು ಸರಿ ಅಂತಲೇ ನನ್ನ ಲೆಕ್ಕ. ತಾಮ್ರದ ತಂತಿ ಸುತ್ತುವವನಿಗೆ ಬೆಳಕು ಬೇಡವೇ? ಅಪ್ಪ ಅವತ್ತಿನಿಂದ ನನ್ನೊಡನೆ ಮಾತೇ ಬಿಟ್ಟರು. ನಾನೂ ಬಿಟ್ಟೆ, ನಾನೇನು ಅವರ ಮಗನಲ್ಲವೇ.

ಮನೆ ಒಂದೇ, ಅಂಗಡಿ ಒಂದೇ, ಮಾತಿಲ್ಲ ಅಂದರೆ ಕೆಲಸ ಸಾಗಬೇಕಲ್ಲ. ನಡುವೆ ಓಡಾಡಿದವನು ಭಾವ. ಅಪ್ಪ ಹಲಗೆಯ ಆ ಕಡೆಯಿಂದ, ಅವನಿಗೆ ಹೇಳಪ್ಪಾ, ಗಿರಣಿಯವನ ಮೋಟಾರು ಇವತ್ತು ಆಗಲೇಬೇಕು ಅನ್ನುವುದು. ನನಗೆ ಅಲ್ಲೇ ಕೇಳಿಸಿರುತ್ತಿತ್ತು. ಆದರೂ ಭಾವ ಹಲಗೆ ಸುತ್ತಿ ಬಂದು, ಮಾವ ಹೀಗಂದ್ರು ಅಂತ ಒಪ್ಪಿಸುವುದು, ನಾನು, ಆಗಲ್ಲ ಅಂತ ಹೇಳಿ ಅನ್ನುವುದು. ಅವನು ತಿರುಗಿ ಹೋಗಿ, ನೋಡ್ತಾನಂತೆ ಮಾವ ಅನ್ನುತ್ತಿದ್ದ. ನಾನು ಬೈದದ್ದು ಆ ಕಡೆ ಹೋಗುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಆ ಕಡೆಯ ಬೈಗುಳವೂ ಈ ಕಡೆ ಬರುವಾಗ ಹಾಗೇ ಮೆತ್ತಗಾಗಿರಬೇಕು. ಅಪ್ಪ ಮಗನ ನಡುವಿನ ಮಾತೆಲ್ಲ ಈ ಮನುಷ್ಯನ ಕೈ ದಾಟಿಯೇ ಹೋಗಬೇಕು ಅನ್ನುವುದು ಆಗಲೇ ರೂಢಿಯಾಗಿತ್ತು. ನನ್ನ ಗ್ರಹಚಾರ, ಕೊನೆಯದೂ ಹಾಗೇ ಆಯಿತು.

ಅಪ್ಪನಿಗೆ ಲಕ್ವ ಹೊಡೆಯಿತು. ಒಂದು ಮಗ್ಗುಲು ಬಿದ್ದುಹೋಯಿತು, ನಾಲಿಗೆ ನಿಂತುಹೋಯಿತು. ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಗಂಡಸರ ವಾರ್ಡು. ಬೆಳಿಗ್ಗೆ ಅಕ್ಕ, ಮಧ್ಯಾಹ್ನ ಭಾವ, ರಾತ್ರಿ ನಾನು ಅಂತ ಪಾಳಿ ಮಾಡಿಕೊಂಡೆವು. ಡಾಕ್ಟರು ಹೇಳಿದ್ದರು, ಮಾತು ತಿರುಗಿ ಬಂದರೂ ಬರಬಹುದು, ಬಂದರೆ ಇದ್ದಕ್ಕಿದ್ದ ಹಾಗೆ ಬರುತ್ತದೆ, ಯಾರಾದರೂ ಪಕ್ಕದಲ್ಲಿರಿ ಅಂತ. ನಾನು ಆ ಮಾತನ್ನೇ ಹಿಡಿದುಕೊಂಡು ಕೂತೆ. ರಾತ್ರಿಯೆಲ್ಲ ಅಪ್ಪ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಇದ್ದದ್ದು ಸಿಟ್ಟೋ, ಇನ್ನೇನೋ, ನನಗೆ ತಿಳಿಯಲಿಲ್ಲ. ನಾನಾಗಿ ಮೊದಲು ಮಾತಾಡುವುದು ಹೇಗೆ? ಮಾತು ಬಿಟ್ಟವರು ಅವರು. ಬಂದರೆ ಅವರ ಬಾಯಿಂದ ಮೊದಲು ಬರಲಿ, ಆಮೇಲೆ ನೋಡೋಣ ಅಂತ ಕಾಯುತ್ತಿದ್ದೆ.

ಅವತ್ತು ಮಧ್ಯಾಹ್ನ ಅಂಗಡಿಯಲ್ಲಿ ನನಗೆ ಕೈ ಓಡಲಿಲ್ಲ. ಸುತ್ತಿದ ತಂತಿಯನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಸುಮ್ಮನೆ ಹೋಗಿ ನೋಡಿಬರೋಣ ಅಂತ ಶಟರನ್ನು ಅರ್ಧ ಇಳಿಸಿದ್ದೆ. ಆಗ ಫೋನು ಟಿಂಗ್ ಅಂತು. ಭಾವನ ಮೆಸೇಜು. 'ಮಾವ ಆರಾಮ ಮಲಗಿದಾರೆ. ಈಗ ಬರಬೇಡ, ಎದ್ದುಬಿಡ್ತಾರೆ.' ಆಗ ಮೂರು ಗಂಟೆ. ಸರಿ, ಮುದುಕ ನಿದ್ದೆ ಮಾಡಲಿ ಅಂತ ಶಟರನ್ನು ಮತ್ತೆ ಮೇಲೆತ್ತಿದೆ. ನನ್ನ ಕೈಯಾರೆ ಎತ್ತಿದೆ. ಆ ಶಟರಿನ ಸದ್ದು ಈಗಲೂ ನನಗೆ ಸೇರುವುದಿಲ್ಲ.

ಸ್ವಲ್ಪ ಹೊತ್ತಿಗೆ, ಅಪ್ಪನಿಗೆ ಗಂಜಿ ಒಯ್ದಿದ್ದ ಅಕ್ಕನ ಫೋನು. ಅಳುವಿನಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲ, ಕೇಳಿಸುವ ಅಗತ್ಯವೂ ಇರಲಿಲ್ಲ. ನಾನು ಎಣ್ಣೆ ಕೈಯಲ್ಲೇ ಓಡಿದೆ. ಮೆಟ್ಟಿಲು ಹತ್ತಿ ಹೋದರೆ ಅಪ್ಪನ ಮುಖದ ಮೇಲೆ ಆಗಲೇ ಬಟ್ಟೆ ಎಳೆದಿದ್ದರು. ಪಕ್ಕದಲ್ಲಿ ಸ್ಟೂಲು ಖಾಲಿ. ನಾನು ಆ ಬಟ್ಟೆ ಸರಿಸಲು ಕೈ ಹಾಕಿದೆ, ಜೇಬಿನಲ್ಲಿ ಫೋನು ಟಿಂಗ್ ಅಂತು. ಭಾವನ ಮೆಸೇಜು. 'ಮಾವ ಈಗ ತಾನೆ ನೀರು ಕುಡಿದರು. ಆರಾಮ ಇದಾರೆ.'

ಆಗ ಗೊತ್ತಾಯಿತು ನನಗೆ. ಗಿರಾಕಿಗಳಿಗೆ ಸಾಲಾಗಿ ಇಟ್ಟ ಹಾಗೆ ಬೆಳಿಗ್ಗೆಯೇ ನನಗೂ ಸಾಲಾಗಿ ಇಟ್ಟಿದ್ದ. ಅಪ್ಪನನ್ನೂ ಒಂದು ಕೆಟ್ಟ ಫ್ರಿಜ್ಜು ಅಂತ ತಿಳಿದಿದ್ದ.

ವಾರ್ಡಿನ ನರ್ಸು ಹೇಳಿದ್ದು ಇನ್ನೂ ದೊಡ್ಡದು. ಮಧ್ಯಾಹ್ನ ಅಪ್ಪನಿಗೆ ಮಾತು ಬಂದಿತ್ತಂತೆ. ಭಾವನ ಕೈ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದರಂತೆ. ನಡುನಡುವೆ ಮಗ, ಮಗ ಅನ್ನುವುದು ಅವಳ ಕಿವಿಗೂ ಬಿತ್ತಂತೆ. ಆಮೇಲೆ ಅಳಿಯ ಮುಖ ಒರೆಸಿಕೊಳ್ಳುತ್ತ ಎದ್ದು ಹೋದವನು ತಿರುಗಿ ಬರಲಿಲ್ಲವಂತೆ. ಇದು ಶುರುವಾದದ್ದು ಮೂರಕ್ಕೆ ಸ್ವಲ್ಪ ಮುಂಚೆ, ಮುಗಿದದ್ದು ಮೂರು ದಾಟಿದ ಮೇಲೆ. ಅಂದರೆ ನಾನು ಶಟರು ಎಳೆದು ಹೊರಟಿದ್ದರೆ ಅಪ್ಪನ ಬಾಯಿಂದಲೇ ಕೇಳುತ್ತಿದ್ದೆ. ಅಪ್ಪ ನನ್ನನ್ನು ಕರೆಯುತ್ತಿರುವಾಗ, ಇವನ ಫೋನು ನನಗೆ ಬರಬೇಡ ಅಂತ ಹೇಳುತ್ತಿತ್ತು.

ಭಾವ ಎದುರು ಬೀದಿಯ ಚಹಾ ಅಂಗಡಿಯಲ್ಲಿ ಕೂತಿದ್ದನಂತೆ. ಅಲ್ಲಿಂದ ವಾರ್ಡಿನ ಕಿಟಕಿ ಕಾಣಿಸುತ್ತದೆ. ಅಕ್ಕ ಫೋನ್ ಮಾಡಿದ ಮೇಲೆ ಮೆಟ್ಟಿಲು ಹತ್ತಿ ಬಂದ. ಎರಡನೆಯ ಮಹಡಿಯ ತಿರುವಿನಲ್ಲಿ ನಾನು ಅವನ ಅಂಗಿ ಹಿಡಿದೆ. ಗುಂಡಿ ಕಿತ್ತು ಮೆಟ್ಟಿಲಿನ ಮೇಲೆ ಉರುಳಿತು. ಸುಳ್ಳು ಮೆಸೇಜಿಗೆ ಆಮೇಲೆ ಬರುತ್ತೇನೆ, ಮೊದಲು ಅಪ್ಪ ಏನಂದರು ಅಂತ ಹೇಳಿ ಅಂದೆ. ಅವನು, ಕೈಕಾಲು ಬಿದ್ದುಹೋದ ಹಾಗಾಗಿ ಕೆಳಗಿಳಿದೆ, ಸ್ವಲ್ಪ ಸುಧಾರಿಸಿಕೊಂಡು ನಿನ್ನನ್ನೇ ಕರೆಯುವವನಿದ್ದೆ, ಬೆಳಿಗ್ಗೆ ಇಟ್ಟ ಮೆಸೇಜು ಮರೆತೇಹೋಗಿತ್ತು ಅಂತ ಏನೇನೋ ಅಂದ.

"ಅದು ಬೇಡ. ಏನಂದ್ರು ಅಪ್ಪ?"

"ಹೇಳ್ತೀನಿ ಕಣೋ. ಈಗ ಬೇಡ."

"ಈಗ ಬೇಡ ಅಂದ್ರೆ?"

"ಮಾವನೇ ಹಾಗೆ ಹೇಳಿದ್ದು. ಅವನ ಸಿಟ್ಟು ಇಳಿದ ಮೇಲೆ ಹೇಳು, ಅದಕ್ಕೆ ಮುಂಚೆ ಹೇಳಬೇಡ ಅಂದ್ರು. ನನ್ನ ಕೈ ಮೇಲೆ ಮಾತು ತಗೊಂಡ್ರು."

ನಾನು ಅವನನ್ನು ಅಲ್ಲೇ ಕೆಳಗೆ ತಳ್ಳುತ್ತಿದ್ದೆ. ಅಕ್ಕ ನಡುವೆ ಬಂದಳು.

ನೀವೇ ಹೇಳಿ, ಇದನ್ನು ನಂಬುವುದು ಹೇಗೆ? ಸಾಯುವವರು ಯಾರಾದರೂ ಹೀಗೆ ಶರತ್ತು ಹಾಕುತ್ತಾರೆಯೇ? ಆಮೇಲೆ ಕಳಿಸುವುದು ಇವನ ಕಸುಬು, ಅಪ್ಪನದಲ್ಲ. ಒಂದೋ ಅಪ್ಪ ನನ್ನನ್ನು ಸರಿಯಾಗಿ ಬೈದಿರಬೇಕು, ಇವನು ಮೆತ್ತಗೆ ಮಾಡಲು ದಾರಿ ಹುಡುಕುತ್ತಿರಬೇಕು. ಇಲ್ಲ, ಹಲಗೆ ತೆಗೆದು ಬೆಳಕಿನ ಭಾಗ ಮಗನಿಗೆ ಕೊಡು ಅಂದಿರಬೇಕು, ಅದನ್ನು ಇವನು ನುಂಗಿರಬೇಕು. ಇದನ್ನು ಅಕ್ಕನಿಗೆ ಅಂದೆ. ಮಾರನೆಯ ವಾರವೇ ಅವನು ತನ್ನ ಹತಾರವೆಲ್ಲ ಎತ್ತಿಕೊಂಡು ಅಂಗಡಿ ಬಿಟ್ಟುಹೋದ. ಹೋಗುವಾಗ ಹಲಗೆಯನ್ನೂ ತಾನೇ ಬಿಚ್ಚಿ ಗೋಡೆಗೆ ಒರಗಿಸಿ ಹೋದ. ಎರಡು ಬೀದಿ ಆಚೆ ಮೆಟ್ಟಿಲ ಕೆಳಗಿನ ಒಂದು ಗೂಡಿನಲ್ಲಿ ಫ್ರಿಜ್ಜು ರಿಪೇರಿ ಶುರು ಮಾಡಿದ. ನನಗೆ ಬೆಳಕು ಬಂತು, ಆದರೆ ನಾನು ಕೇಳಿದ್ದು ಬೆಳಕನ್ನಲ್ಲ.

ಹೊಡೆದರೆ ಅಕ್ಕನಿಗೆ ನೋವು. ಪೊಲೀಸಿಗೆ ಹೇಳಿದರೆ ಏನಂತ ಹೇಳುವುದು, ನನ್ನ ಮಾತು ಕದ್ದಿದ್ದಾನೆ ಅಂತಲೇ? ಕೊನೆಗೆ ಅವನ ವಿದ್ಯೆಯನ್ನೇ ಅವನಿಗೆ ತಿರುಗಿಸಿದೆ. ಅವನೇ ಬೆರಳು ಹಿಡಿದು ಕಲಿಸಿದ್ದಲ್ಲವೇ. ಮೆಸೇಜು ಬರೆದೆ. 'ಮಾವ ಆರಾಮ ಮಲಗಿದಾರೆ. ಈಗ ಬರಬೇಡ.' ಬಾಣವನ್ನು ಒತ್ತಿ ಹಿಡಿದೆ. ಮಧ್ಯಾಹ್ನ ಮೂರು ಗಂಟೆ ಅಂತ ಕೊಟ್ಟೆ. ನಾಳೆಗೊಂದು, ನಾಡಿದ್ದಿಗೊಂದು, ವಾರವಿಡೀ. ಭಾನುವಾರ ಕೂತು ಮುಂದಿನ ವಾರದ್ದನ್ನು ಇಡುತ್ತಿದ್ದೆ. ಮನೆಯವಳು ಏನು ಮಾಡ್ತಿದ್ದೀರಿ ಅಂದರೆ, ಸಾಲ ತೀರಿಸ್ತಿದ್ದೀನಿ ಅನ್ನುತ್ತಿದ್ದೆ. ಮೂರು ಗಂಟೆಗೆ ನಾನು ಎಲ್ಲೇ ಇರಲಿ, ಯಾವ ಪಂಪಿನ ಹೊಟ್ಟೆಯೊಳಗೆ ಕೈ ಇಟ್ಟಿರಲಿ, ಈಗ ಅವನ ಜೇಬಿನಲ್ಲಿ ಟಿಂಗ್ ಅಂದಿರುತ್ತದೆ ಅಂತ ನೆನೆದರೆ ಮೈಗೆ ತಂಪಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅಪ್ಪ ಹೋದ ಮೇಲೆ ನನಗೆ ಹೊಟ್ಟೆ ತುಂಬ ಊಟ ಸೇರಿದ್ದು ಆ ದಿನಗಳಲ್ಲಿಯೇ.

ಅವನು ನನ್ನ ನಂಬರನ್ನು ಬ್ಲಾಕ್ ಮಾಡಿದ. ಅಂಗಡಿಗೆ ಅಂತ ಇನ್ನೊಂದು ಹಳೆಯ ಫೋನಿತ್ತು, ಅದರದು ಬೇರೆ ನಂಬರು, ಗಿರಾಕಿಗಳು ಕರೆಯುವುದು ಅದಕ್ಕೇ. ಅಪ್ಪನ ಕಾಲದಿಂದ ಇರುವ ನಂಬರು, ಅದನ್ನು ಬ್ಲಾಕ್ ಮಾಡಲು ಅವನಿಗೆ ಮನಸ್ಸು ಬರಲಾರದು ಅಂತ ನನಗೆ ಗೊತ್ತಿತ್ತು. ಅದರಲ್ಲಿ ಒಂದೇ ಸಲ ಕೂತು, ಬೆರಳು ನೋಯುವ ತನಕ, ಮುಂದಿನ ಎಷ್ಟೋ ದಿನಗಳಿಗೆ ಆಗುವಷ್ಟು ಇಟ್ಟುಬಿಟ್ಟೆ.

ಅವನ ಸುದ್ದಿ ಗಿರಾಕಿಗಳ ಬಾಯಿಂದ ಬರುತ್ತಿತ್ತು. ಈಗೀಗ ಮೆಸೇಜೇ ಕಳಿಸುವುದಿಲ್ಲವಂತೆ, ಹೇಳಿದ ಹೊತ್ತಿಗೆ ತಾನೇ ಬಂದು ನಿಲ್ಲುತ್ತಾನಂತೆ. ಆಗಲ್ಲ ಅನ್ನುವುದನ್ನೂ ಕಲಿತಿದ್ದಾನಂತೆ. ಬಟ್ಟೆ ಹೊಲಿಯುವ ಹೆಂಗಸು ಫ್ಯಾನು ರಿಪೇರಿಗೆ ಕೊಡಲು ಬಂದವಳು ಹೇಳಿದಳು, ಮೊನ್ನೆ ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಮೂರು ಗಂಟೆಗೆ ಏನೋ ಮೆಸೇಜು ಬಂತು, ಸ್ಕ್ರೂಡ್ರೈವರು ಕೆಳಗಿಟ್ಟು ಗೋಡೆಗೆ ಒರಗಿ ಕೂತುಬಿಟ್ಟರು, ನೀರು ಕೊಟ್ಟರೂ ಮುಟ್ಟಲಿಲ್ಲ, ಏನಾಗಿದೆ ಅವರಿಗೆ ಅಂತ. ವಯಸ್ಸಾಯಿತು ಅಂದೆ. ಅವಳ ಫ್ಯಾನನ್ನು ಅವತ್ತೇ ಸರಿಮಾಡಿ ಕೊಟ್ಟೆ.

ಕೊನೆಗೆ ಅಕ್ಕ ಬಂದಳು. ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿ, ನನ್ನ ಮುಂದೆ ಹಳೆಯ ಸ್ಟೂಲಿನ ಮೇಲೆ ಕೂತಳು. ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ಅವಳ ಎದುರು ನನ್ನ ಬಾಯಿ ಅಷ್ಟು ಓಡುವುದಿಲ್ಲ.

"ನಿಲ್ಲಿಸೋ. ನನಗೋಸ್ಕರ ನಿಲ್ಲಿಸು."

"ಅವರು ಹೇಳಲಿ, ಈಗಲೇ ನಿಲ್ಲಿಸ್ತೀನಿ."

"ನೀನು ನಿಲ್ಲಿಸಿದ್ರೆ ಅವರು ಹೇಳ್ತಾರೆ. ಇಷ್ಟು ಸಿಟ್ಟು ಇಟ್ಕೊಂಡವನಿಗೆ ಹೇಗೆ ಹೇಳ್ತಾರೆ? ಅಪ್ಪನ ಮಾತು ಮೀರಿದ ಹಾಗಾಗಲ್ವಾ?"

"ಅಕ್ಕಾ, ನಿನಗೆ ಹೇಳಿದಾರಾ ಏನಂತ?"

ಇಲ್ಲ ಅಂತ ತಲೆ ಆಡಿಸಿದಳು. ಅವಳಿಗೂ ಹೇಳಿರಲಿಲ್ಲ. ಆ ಒಂದು ವಿಷಯಕ್ಕೆ ಮಾತ್ರ ನನಗೆ ಅವನ ಮೇಲೆ ಒಂದು ಗುಲಗಂಜಿಯಷ್ಟು ಮರ್ಯಾದೆ ಬಂತು, ಬರೆಯಬಾರದು ಅಂದುಕೊಂಡಿದ್ದೆ, ಬರೆದೆ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಕೊನೆಗೆ ಒಂದು ಒಪ್ಪಂದವಾಯಿತು. ಒಂದಷ್ಟು ದಿನ ನಾನು ಸುಮ್ಮನಿರುವುದು. ಆಮೇಲೆ ಒಂದು ಭಾನುವಾರ ಭಾವ ತಾನಾಗಿ ಅಂಗಡಿಗೆ ಬಂದು ಹೇಳುವುದು. ನಾನು ಆವತ್ತು ದನಿ ಎತ್ತಕೂಡದು.

ನಾನು ಅಂಗಡಿಯ ಫೋನನ್ನು ಆರಿಸಿ ಮನೆಗೆ ಒಯ್ದು ಕಪಾಟಿನಲ್ಲಿಟ್ಟೆ. ಮೋಟಾರಿನವನ ಬುದ್ಧಿ ಅದು. ಸ್ವಿಚ್ ಆರಿಸಿದರೆ ಮೋಟಾರು ನಿಲ್ಲುತ್ತದೆ, ನಿಂತ ಮೋಟಾರು ನಿಂತ ಹಾಗೇ ಇರುತ್ತದೆ, ಮತ್ತೆ ಹಾಕಿದರೆ ಅಲ್ಲಿಂದ ಶುರು. ನಿಂತಿದ್ದ ಹೊತ್ತಿನ ತಿರುಗಾಟವನ್ನೆಲ್ಲ ಸೇರಿಸಿ ಒಂದೇ ಸಲ ತಿರುಗುವ ಮೋಟಾರನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಫೋನು ಬೇರೆ ಜಾತಿ ಅಂತ ಯಾರು ಹೇಳಬೇಕಿತ್ತು? ಕಲಿಸಿದವನು ಹೇಳಬೇಕಿತ್ತು.

ಆ ದಿನಗಳಲ್ಲಿ ನಾನು ನಿಜವಾಗಿ ತಣ್ಣಗಿದ್ದೆ. ಗಿರಾಕಿ ಚೌಕಾಸಿ ಮಾಡಿದರೂ ನಕ್ಕೆ. ಮನೆಯವಳು ಮೈ ಹುಷಾರಿಲ್ಲವೇ ಅಂತ ಹಣೆ ಮುಟ್ಟಿ ನೋಡಿದಳು. ಭಾನುವಾರ ಬಂತು. ಅಂಗಡಿ ಗುಡಿಸಿ, ಎಣ್ಣೆ ಕಲೆ ಒರೆಸಿ, ಅವನು ಕೂರುತ್ತಿದ್ದ ಸ್ಟೂಲನ್ನು ಬೆಳಕಿನ ಕಡೆ ಹಾಕಿದೆ. ಚಹಾಕ್ಕೆ ಹೇಳಿಟ್ಟೆ. ಬೈದಿದ್ದರೂ ತಲೆ ತಗ್ಗಿಸಿ ಕೇಳುವುದು, ಒಳ್ಳೆಯದು ಅಂದಿದ್ದರೆ ಅವನ ಎದುರು ಅಳಬಾರದು, ಇಷ್ಟನ್ನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು ಶಟರಿನ ಕೆಳಗೆ ನಿಂತೆ.

ಬೀದಿಯ ಆ ತುದಿಯಲ್ಲಿ ಅವನ ಸ್ಕೂಟರು ಕಾಣಿಸಿತು. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ. ಬಿಳಿ ಅಂಗಿ, ತಲೆ ಬಾಚಿದ್ದ. ನನ್ನನ್ನು ನೋಡಿ ಒಂದು ಕೈ ಎತ್ತಿದ. ನಾನೂ ಎತ್ತಿದೆ. ಎತ್ತಿದ ಕೈಯನ್ನು ಅವನು ಇಳಿಸಿ ಜೇಬು ಮುಟ್ಟಿಕೊಂಡ. ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿ ಫೋನು ತೆಗೆದ. ನೋಡಿದ. ನೋಡುತ್ತಲೇ ಇದ್ದ. ಅದು ಅವನ ಕೈಯಲ್ಲಿ ಮತ್ತೆ ಮತ್ತೆ ಟಿಂಗ್ ಟಿಂಗ್ ಅನ್ನುವುದು ಖಾಲಿ ಬೀದಿಯಲ್ಲಿ ನನ್ನ ತನಕ ಕೇಳಿಸಿತು. ಏನು ಬರುತ್ತಿದೆ, ಯಾರಿಂದ ಅಂತ ನನಗೆ ಹೊಳೆಯಲೇ ಇಲ್ಲ, ಗಿರಾಕಿಗಳ ಕಾಟ ಅಂತಲೇ ತಿಳಿದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ. ನಾನು ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದೆ, ಮುಖದಲ್ಲಿ ನಗು ಬೇರೆ. ಅದು ಅವನಿಗೆ ಹೇಗೆ ಕಂಡಿರಬೇಕು ಅಂತ ಆಮೇಲೆ ತಿಳಿಯಿತು. ಅವನು ಫೋನನ್ನು ಜೇಬಿಗೆ ಹಾಕಿ, ಸ್ಕೂಟರನ್ನು ತಿರುಗಿಸಿ, ಬಂದ ದಾರಿಯಲ್ಲೇ ಹೊರಟುಹೋದ.

ಆಗ ಕಪಾಟಿನಲ್ಲಿಟ್ಟ ಫೋನು ನೆನಪಾಗಿ ಮನೆಗೆ ಓಡಿ ಹೋದರೆ ಅಡಿಗೆಮನೆಯ ಕಟ್ಟೆಯ ಮೇಲೆ ಅದು ಚಾರ್ಜರಿನ ವೈರಿಗೆ ಸಿಕ್ಕಿಕೊಂಡು ಬಿದ್ದಿತ್ತು. ಅಂಗಡಿ ನಂಬರು ಹತ್ತುತ್ತಿಲ್ಲ ಅಂತ ಗಿರಣಿಯವನು ಮನೆಯ ಬಾಗಿಲಿಗೇ ಬಂದು ಕೂಗಾಡಿದನಂತೆ. ಅದಕ್ಕೆ ಮನೆಯವಳು ತೆಗೆದು ಚಾರ್ಜಿಗೆ ಹಾಕಿ ಹೊತ್ತಿಸಿದ್ದಾಳೆ. ಹೊತ್ತಿಸಿದ್ದೇ ತಡ, ತಾನಾಗಿಯೇ ಏನೇನೋ ಕಳಿಸುತ್ತಿತ್ತು ಕಣ್ರೀ, ನಾನು ಏನೂ ಮುಟ್ಟಲಿಲ್ಲ ಅಂದಳು. ನೋಡಿದೆ. ಹೋಗದೆ ಉಳಿದಿದ್ದ ಅಷ್ಟೂ ದಿನದ ಮೆಸೇಜು ಒಂದೇ ಉಸಿರಿಗೆ ಹೋಗಿತ್ತು. ಒಂದರ ಕೆಳಗೊಂದು, ಒಂದರ ಕೆಳಗೊಂದು, 'ಮಾವ ಆರಾಮ ಮಲಗಿದಾರೆ. ಈಗ ಬರಬೇಡ.'

ಅವನ ಮನೆಗೆ ಹೋದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ನಡೆದದ್ದು ಹೀಗೆ, ಅದು ಫೋನಿನ ಕೆಲಸ, ನನ್ನದಲ್ಲ ಅಂದೆ. ಒಳಗೆ ಅವನು ಮಂಚದ ಮೇಲೆ ಕೂತಿದ್ದ, ಆ ಬಿಳಿ ಅಂಗಿಯಲ್ಲೇ. ಅಲ್ಲಿಂದಲೇ ಹೇಳಿದ, ದನಿ ಮಾತ್ರ ಎಂದಿನ ಹಾಗೇ ಮೆತ್ತಗೆ.

"ನಾನು ಬರ್ತಾ ಇರೋದನ್ನ ಕಣ್ಣಾರೆ ನೋಡ್ತಾ ಬರಬೇಡ ಅಂದೆಯಲ್ಲೋ."

"ನಾನು ಅನ್ನಲಿಲ್ಲ ಭಾವ. ಹಿಂದೆ ಯಾವಾಗಲೋ ಇಟ್ಟಿದ್ದು."

"ನಾನೂ ಅವತ್ತು ಅದನ್ನೇ ಅಂದೆ. ನೀನು ನಂಬಿದ್ಯಾ?"

ಎರಡೂ ಒಂದೇ ಅಲ್ಲ. ಅವನದು ಸುಳ್ಳು, ನನ್ನದು ಅವನ ಸುಳ್ಳಿನ ನಕಲು. ಇದನ್ನೇ ಹೇಳಿದೆ, ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಮೇಲಿನ ಮನೆಯವರು ಕಿಟಕಿ ತೆಗೆದು ನೋಡಿದರು. ಅಕ್ಕ ಬಾಗಿಲು ಹಾಕಿಕೊಂಡಳು. ನನ್ನ ಅಕ್ಕ ನನ್ನ ಮುಖದ ಮೇಲೆ ಬಾಗಿಲು ಹಾಕಿದಳು, ಇದನ್ನೂ ನಾನು ಅವನ ಬಾಬ್ತಿಗೇ ಬರೆದಿದ್ದೇನೆ.

ಕೆಲವು ತಿಂಗಳಲ್ಲಿ ಅವರು ಊರು ಬಿಟ್ಟರು. ದೂರದ ಒಂದು ದೊಡ್ಡ ಕೋಲ್ಡ್ ಸ್ಟೋರೇಜಿನಲ್ಲಿ ಅವನಿಗೆ ಮಿಷನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತಂತೆ. ಅಲ್ಲಿ ಎಲ್ಲಿಗೂ ಹೋಗುವುದಿಲ್ಲ, ಯಾರಿಗೂ ಬರುತ್ತೇನೆ ಅನ್ನಬೇಕಾಗಿಲ್ಲ, ಇಡೀ ದಿನ ಒಂದೇ ಮಿಷನ್ನಿನ ಪಕ್ಕ ಕೂತಿರುವುದು. ಅವನಿಗೆ ತಕ್ಕ ಕೆಲಸ. ಈಗ ಕಿವಿಯೂ ಮಂದವಾಗಿದೆಯಂತೆ. ಸ್ಕ್ರೂಡ್ರೈವರು ಇಟ್ಟರೂ ಸರಿಯಾಗಿ ಕೇಳಿಸುವುದಿಲ್ಲವಂತೆ. ಕೇಳಿದಾಗ ಅಯ್ಯೋ ಅನ್ನಿಸಲಿಲ್ಲ.

ಹೋದ ತಿಂಗಳು ಅಕ್ಕ ಫೋನು ಮಾಡಿದಳು. ಅವನಿಗೆ ಮೈ ಸರಿಯಿಲ್ಲ, ಒಂದು ಸಲ ಬಂದು ಹೋಗು, ಎಷ್ಟು ದಿನ ಅಂತ ಹೀಗೆ ಅಂದಳು. ಬರುತ್ತೇನೆ, ಆ ಮಾತು ಹೇಳುತ್ತಾರಾ ಕೇಳು ಅಂದೆ. ಅಕ್ಕ ಫೋನನ್ನು ಕೈಯಲ್ಲಿ ಹಿಡಿದೇ ಅವನನ್ನು ಕೇಳಿದಳು. ಕಿವಿ ಕೇಳದವನಿಗೆ ಗಟ್ಟಿಯಾಗಿ, ಎರಡೆರಡು ಸಲ ಹೇಳಬೇಕಾಯಿತು. ಅವನು ಏನೋ ಅಂದ. ದನಿ ಬಹಳ ಸಣ್ಣಗಾಗಿತ್ತು, ನನಗೆ ತಿಳಿಯಲಿಲ್ಲ. ಅಕ್ಕ ತಿರುಗಿ ಫೋನಿಗೆ ಬಂದಳು.

"ಸಿಟ್ಟು ಇಳಿದಿದೆಯಾ ಅಂತ ಕೇಳ್ತಿದಾರೆ ಕಣೋ."

ಇಳಿದಿದೆ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಒಂದು ಮಾತು. ಇರದ ಕಡೆ ಇದ್ದೀನಿ ಅನ್ನುವುದು ಅವನಿಗೆ ಬರುತ್ತಿತ್ತು, ನನಗೆ ಬರಲಿಲ್ಲ. ಆ ಕಡೆ ಅಕ್ಕ ಕಾಯುತ್ತಿರುವುದು ಗೊತ್ತಾಗುತ್ತಿತ್ತು.

"ಇಲ್ಲ ಅಂತ ಹೇಳು" ಅಂದೆ.

ಅಪ್ಪ ನನಗೆ ಬಿಟ್ಟುಹೋದ ಆಸ್ತಿಯಲ್ಲಿ ಅಂಗಡಿ ನನ್ನ ಕೈ ಸೇರಿದೆ, ಹತಾರ ಸೇರಿದೆ, ಆ ಹಲಗೆಯೂ ಗೋಡೆಗೆ ಒರಗಿದೆ. ಮಾತೊಂದು ಮಾತ್ರ ಸೇರಿಲ್ಲ. ಅದು ಅವನ ಹತ್ತಿರವೇ ಇದೆ, ನನಗೆ ಕೊಡಬೇಕಾದದ್ದು, ಇನ್ನೂ ಕೊಟ್ಟಿಲ್ಲ.